ಕೀ ತಿರುಗಿದರೂ ಏಳದ ಪಿಕಪ್

ಹಳೆಯ ಡೀಸೆಲ್ ಪಿಕಪ್ ಓಡಿಸುವವರನ್ನು ಅವರು ಗಾಡಿ ನಿಲ್ಲಿಸುವ ಜಾಗದಿಂದಲೇ ಗುರುತು ಹಿಡಿಯಬಹುದು. ಮಲೆನಾಡಿನಲ್ಲಾದರೆ ಇಳಿಜಾರು ಹುಡುಕುತ್ತಾರೆ. ಬಯಲುಸೀಮೆಯಲ್ಲಾದರೆ ದೂಡಲು ನಾಲ್ಕು ಜನ ಸಿಗುವ ಕಡೆ, ಮಂಡಿಯ ಗೇಟಿನ ಹತ್ತಿರವೋ ಟೀ ಅಂಗಡಿಯ ಮುಂದೋ ನಿಲ್ಲಿಸುತ್ತಾರೆ. ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಇಳಿಸಿ ಹೊರಡುವ ಹೊತ್ತಿಗೆ ಸೆಲ್ಫ್, ಅಂದರೆ ಸ್ಟಾರ್ಟರ್ ಮೋಟರ್, ಕೈಕೊಟ್ಟರೆ ಹಿಂದೆ ನಿಂತ ಗಾಡಿಗಳೆಲ್ಲ ಹಾರ್ನ್ ಹೊಡೆಯಲು ಶುರುಮಾಡುತ್ತವೆ. ಆಗ ಯಾರಾದರೊಬ್ಬರು ಬಂದು "ಕೀ ಸ್ವಿಚ್ ಹೋಗಿದೆ, ಬದಲಾಯಿಸಿಬಿಡಿ" ಎನ್ನುತ್ತಾರೆ. ಮಾಲೀಕರು ಬದಲಾಯಿಸುತ್ತಾರೆ. ಕೆಲವು ದಿನ ಗಾಡಿ ಚೆನ್ನಾಗಿಯೇ ಸ್ಟಾರ್ಟ್ ಆಗುತ್ತದೆ. ಮುಂದಿನ ಮಳೆಗಾಲಕ್ಕೆ ಅದೇ ಕಥೆ.

ಇದಕ್ಕೆ ಕಾರಣ ಎರಡು. ಒಂದು, ಅನೇಕ ಸಲ ತೊಂದರೆ ಸ್ವಿಚ್ಚಿನಲ್ಲಿ ಇರುವುದೇ ಇಲ್ಲ. ಸಡಿಲವಾದ ಅರ್ಥ್ ವೈರೋ ಸೆಲ್ಫ್ ಮೋಟರಿನ ಸುಟ್ಟ ಸೊಲೆನಾಯ್ಡೋ ಮಾಡಿದ ತಪ್ಪಿಗೆ ಸ್ವಿಚ್ ದಂಡ ಕಟ್ಟುತ್ತದೆ. ಎರಡು, ನಿಜಕ್ಕೂ ಸ್ವಿಚ್ಚೇ ಸುಟ್ಟಿದ್ದರೂ ಅದನ್ನು ಸುಟ್ಟ ಭಾರವನ್ನು ಯಾರೂ ಇಳಿಸಿರುವುದಿಲ್ಲ. ಹೊಸ ಸ್ವಿಚ್ಚಿನ ಮೇಲೂ ಅದೇ ಭಾರ ಬೀಳುತ್ತದೆ. ಹಾಗಾಗಿ ಹೊಸದನ್ನು ಕೊಳ್ಳುವ ಮೊದಲು ಅರ್ಧ ಗಂಟೆ ಕರೆಂಟಿನ ದಾರಿ ಹಿಡಿದು ನೋಡಿ, ಸ್ವಿಚ್ ಹಾಕಿಸುವುದಾದರೆ ಜೊತೆಗೊಂದು ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಕೂಡಿಸುವ ಸ್ವಿಚ್, ಹಾಕಿಸಿ. ಇಡೀ ಲೇಖನದಲ್ಲಿ ನಾನು ಒತ್ತಿ ಹೇಳಬೇಕಾದ್ದು ಇಷ್ಟೇ. ಉಳಿದದ್ದು ಅದನ್ನು ಮಾಡುವ ಬಗೆ.

ಟಾಟಾ 207, ಮಹೀಂದ್ರಾ ಬೊಲೆರೊ ಪಿಕಪ್‌ನಂಥ, ಕಾಮನ್ ರೈಲ್ ಬರುವ ಮೊದಲಿನ 12 ವೋಲ್ಟಿನ ಡೀಸೆಲ್ ಗಾಡಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಕೀಯೊಳಗೆ ಚಿಪ್ ಇರುವ, ಇಮೊಬಿಲೈಸರ್ ಇರುವ ಹೊಸ ಗಾಡಿಗಳಿಗೆ ಕೈ ಹಾಕುವ ಮೊದಲು ಕಂಪನಿಯ ವೈರಿಂಗ್ ನಕ್ಷೆ ಬೇಕೇ ಬೇಕು.

ಕೀಯ ಹಿಂದೆ ಇರುವುದು

ನಾವು ಒಂದೇ ಎಂದುಕೊಳ್ಳುವ ಕೀ ಸ್ವಿಚ್ ಅನೇಕ ಗಾಡಿಗಳಲ್ಲಿ ಎರಡು ಬೇರೆ ವಸ್ತು. ಮುಂದೆ ಕೀ ತೂರುವ ಬೀಗದ ಭಾಗ. ಮೆಕ್ಯಾನಿಕ್‌ಗಳು ಇದನ್ನು ಬ್ಯಾರಲ್ ಎನ್ನುತ್ತಾರೆ. ಅದರ ಹಿಂದೆ ಒಂದೋ ಎರಡೋ ಸಣ್ಣ ಸ್ಕ್ರೂಗಳಲ್ಲಿ ಕೂತ ಪ್ಲಾಸ್ಟಿಕ್ ಡಬ್ಬಿ. ನಿಜವಾದ ವಿದ್ಯುತ್ ಸ್ವಿಚ್ ಅದು. ಬ್ಯಾರಲ್ಲಿನ ತುದಿಯಲ್ಲಿರುವ ಚಪ್ಪಟೆ ನಾಲಿಗೆ ಡಬ್ಬಿಯ ತೂತಿನೊಳಗೆ ಕೂತು ತಿರುಗುತ್ತದೆ, ಒಳಗಿನ ತಾಮ್ರದ ಕಾಂಟ್ಯಾಕ್ಟುಗಳು ಕೂಡುತ್ತವೆ, ಬಿಡುತ್ತವೆ. ಸ್ಟೀರಿಂಗ್ ಕಾಲಮ್ಮಿನಲ್ಲಿ ಕೀ ಇರುವ ಗಾಡಿಗಳಲ್ಲಿ ಇವೆರಡರ ಜೊತೆಗೆ ಸ್ಟೀರಿಂಗ್ ಲಾಕಿನ ಉಕ್ಕಿನ ಮೊಳೆಯೂ ಇರುತ್ತದೆ. ಇದನ್ನು ತಿಳಿದಿದ್ದರೆ ಹಣ ಉಳಿಯುತ್ತದೆ. ಡಬ್ಬಿ ಮಾತ್ರ ಹೋಗಿದ್ದರೆ ಬೀಗ ಬದಲಾಯಿಸಬೇಕಿಲ್ಲ. ಬಾಗಿಲಿಗೊಂದು ಕೀ, ಎಂಜಿನ್‌ಗೊಂದು ಕೀ ಇಟ್ಟುಕೊಂಡು ಓಡಾಡಬೇಕಾಗಿಯೂ ಇಲ್ಲ.

ಡಬ್ಬಿಯಲ್ಲಿ ಮುಖ್ಯವಾಗಿ ನಾಲ್ಕು ಟರ್ಮಿನಲ್. ಒಂದಕ್ಕೆ ಬ್ಯಾಟರಿಯ ಪ್ಲಸ್ ಸದಾ ಬಂದಿರುತ್ತದೆ. ಅದರ ಮೇಲೆ ಬಿ ಎಂಬ ಅಕ್ಷರವೋ 30 ಎಂಬ ಅಂಕಿಯೋ ಇರುತ್ತದೆ. ಮೊದಲ ತಿರುವಿಗೆ ರೇಡಿಯೋದಂಥವುಗಳ ಲೈನ್ ಬರುತ್ತದೆ. ಎರಡನೆಯ ತಿರುವಿಗೆ ಬರುವುದು 15ರ ಲೈನ್, ಅಂದರೆ ಗಾಡಿ ಓಡುವಷ್ಟು ಹೊತ್ತೂ ಬೇಕಾದ ಕರೆಂಟ್: ಡ್ಯಾಶ್‌ಬೋರ್ಡಿನ ದೀಪಗಳು, ಮೀಟರ್‌ಗಳು, ಡೈನಮೋದ ಎಕ್ಸೈಟರ್ ವೈರ್, ಪಂಪಿನ ಡೀಸೆಲ್ ಕಟ್ ಸೊಲೆನಾಯ್ಡ್. ಕೊನೆಯ, ಸ್ಪ್ರಿಂಗ್ ಹಿಂದಕ್ಕೆಳೆಯುವ ತಿರುವಿಗೆ 50ರ ಲೈನ್ ಬರುತ್ತದೆ. ಸೆಲ್ಫಿಗೆ ಹೋಗುವುದು ಅದು.

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಕೆಲಸವಿಲ್ಲ. ಆದ್ದರಿಂದ ಕೀಯ ಮೇಲಿನ ದೊಡ್ಡ ಹೊರೆ ಎಂದರೆ ಆ 50ರ ಲೈನೇ. 1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರುಗಳಿಗೆ ಚಾರ್ಲ್ಸ್ ಕೆಟರಿಂಗ್ ವಿದ್ಯುತ್ ಸ್ಟಾರ್ಟರ್ ಅಳವಡಿಸಿದ ಮೇಲೂ ಬಹಳ ವರ್ಷ ಸ್ಟಾರ್ಟರ್‌ಗೆ ಕಾಲಿನಿಂದ ಒತ್ತುವ ಪೆಡಲೋ ಪ್ರತ್ಯೇಕ ಗುಂಡಿಯೋ ಇರುತ್ತಿತ್ತು. ಕರೆಂಟ್ ಆನ್ ಮಾಡುವ, ಎಂಜಿನ್ ಸ್ಟಾರ್ಟ್ ಮಾಡುವ ಎರಡೂ ಕೆಲಸವನ್ನು ಒಂದೇ ಕೀ ಮಾಡುವುದು ರೂಢಿಗೆ ಬಂದದ್ದು ಆಮೇಲೆ. ಓಡಿಸುವವರಿಗೆ ಅನುಕೂಲವಾಯಿತು, ಬೆರಳುಗುರಿನಷ್ಟಗಲದ ಒಂದು ತಾಮ್ರದ ಕಾಂಟ್ಯಾಕ್ಟಿನ ಮೇಲೆ ಭಾರ ಬಿತ್ತು.

ಆ ಭಾರ ಎಷ್ಟೆಂದು ಒಮ್ಮೆ ಲೆಕ್ಕ ಹಾಕಿ ನೋಡೋಣ. ಸೆಲ್ಫ್ ಮೋಟರಿನ ಬೆನ್ನ ಮೇಲೆ ಕೂತ ಸೊಲೆನಾಯ್ಡಿನೊಳಗೆ ಎರಡು ಕಾಯಿಲ್ ಇರುತ್ತವೆ. ಒಂದು ಪ್ಲಂಜರನ್ನು ಎಳೆಯುತ್ತದೆ, ಇನ್ನೊಂದು ಎಳೆದದ್ದನ್ನು ಹಿಡಿದಿಡುತ್ತದೆ. ಪ್ಲಂಜರ್ ಒಂದು ಕಡೆ ಬೆಂಡಿಕ್ಸಿನ ಹಲ್ಲುಚಕ್ರವನ್ನು ಫ್ಲೈವೀಲಿನ ರಿಂಗಿಗೆ ದೂಡುತ್ತದೆ, ಇನ್ನೊಂದು ಕಡೆ ಮೋಟರಿಗೆ ನೂರಾರು ಆಂಪಿಯರ್ ಕೊಡುವ ದಪ್ಪ ಕಾಂಟ್ಯಾಕ್ಟುಗಳನ್ನು ಕೂಡಿಸುತ್ತದೆ. ಆ ನೂರಾರು ಆಂಪಿಯರ್ ಕೀಯ ಮೂಲಕ ಹೋಗುವುದಿಲ್ಲ, ನಿಜ. ಆದರೆ ಸೊಲೆನಾಯ್ಡ್ ಎಳೆಯುವ ಕ್ಷಣದಲ್ಲಿ ಅದಕ್ಕೇ 30–40 ಆಂಪಿಯರ್ ಬೇಕಾಗಬಹುದು. ರಿಲೇ ಇಲ್ಲದ ಹಳೆಯ ಗಾಡಿಯಲ್ಲಿ ಇದಿಷ್ಟೂ ಕೀ ಸ್ವಿಚ್ಚಿನೊಳಗಿಂದಲೇ ಹಾಯಬೇಕು.

ಸೊಲೆನಾಯ್ಡಿನ ರೋಧ 0.3 ಓಮ್ ಎಂದಿಟ್ಟುಕೊಳ್ಳಿ. 12 ವೋಲ್ಟಿಗೆ 40 ಆಂಪಿಯರ್ ಹರಿಯುತ್ತದೆ. ಈಗ ಸ್ವಿಚ್ಚಿನ ಕಾಂಟ್ಯಾಕ್ಟು ಕಪ್ಪಾಗಿ ಅಲ್ಲಿ ಬರೀ 0.1 ಓಮ್ ರೋಧ ಹುಟ್ಟಿದೆ ಎನ್ನಿ. ಹರಿಯುವ ಕರೆಂಟ್ 30 ಆಂಪಿಯರಿಗೆ ಇಳಿಯುತ್ತದೆ. ಸೊಲೆನಾಯ್ಡಿಗೆ ಸಿಗುವುದು 9 ವೋಲ್ಟ್ ಮಾತ್ರ. ಉಳಿದ 3 ವೋಲ್ಟ್ ಆ ಪುಟ್ಟ ಕಾಂಟ್ಯಾಕ್ಟಿನಲ್ಲೇ ಕಾವಾಗಿ ಕಳೆದುಹೋಗುತ್ತದೆ. 3 ವೋಲ್ಟನ್ನು 30 ಆಂಪಿಯರಿನಿಂದ ಗುಣಿಸಿದರೆ 90 ವ್ಯಾಟ್. ಹೆಡ್‌ಲೈಟಿನ ಬಲ್ಬಿಗಿಂತ ಹೆಚ್ಚಿನ ಶಕ್ತಿ ಒಂದು ಪ್ಲಾಸ್ಟಿಕ್ ಡಬ್ಬಿಯೊಳಗೆ ಉರಿಯುತ್ತದೆ. ಸೊಲೆನಾಯ್ಡ್ ಕೂಡಿಕೊಂಡ ಮೇಲೆ ಎಳೆಯುವ ಕಾಯಿಲ್ ತಾನೇ ಸುಮ್ಮನಾಗುವುದರಿಂದ ಈ ಸ್ಥಿತಿ ಕ್ಷಣಕಾಲ ಮಾತ್ರ. ಆದರೆ ವೋಲ್ಟ್ ಸಾಲದೆ ಪ್ಲಂಜರ್ ಪೂರ್ತಿ ಕೂಡದಿದ್ದರೆ ಚಾಲಕ ಕೀ ಹಿಡಿದಷ್ಟು ಹೊತ್ತೂ ಆ ಕಾಯಿಲ್ ಎಳೆಯುತ್ತಲೇ ಇರುತ್ತದೆ, ಸ್ವಿಚ್ ಸುಡುತ್ತಲೇ ಇರುತ್ತದೆ. ಪ್ಲಾಸ್ಟಿಕ್ ಮೆತ್ತಗಾಗುತ್ತದೆ, ಕಾಂಟ್ಯಾಕ್ಟಿನ ಒತ್ತಡ ಕುಗ್ಗುತ್ತದೆ, ರೋಧ ಇನ್ನೂ ಏರುತ್ತದೆ.

ಮೊದಲು ಕಿವಿಗೊಡಿ

ಕೀ ಕೊನೆಯವರೆಗೆ ತಿರುಗಿಸಿದಾಗ ಏನು ಕೇಳುತ್ತದೆ ಎಂಬುದರಿಂದಲೇ ಅರ್ಧ ವಿಷಯ ಗೊತ್ತಾಗುತ್ತದೆ.

ಕಟಕಟಕಟ ಎಂದು ಒಂದೇ ಸಮನೆ ಸದ್ದು ಬಂದರೆ ಸೊಲೆನಾಯ್ಡ್ ಕೂಡುತ್ತಿದೆ, ಕೂಡಿದ ಕೂಡಲೇ ವೋಲ್ಟ್ ಕುಸಿದು ಬಿಟ್ಟುಬಿಡುತ್ತಿದೆ. ಇದು ಬಹುತೇಕ ಬ್ಯಾಟರಿಯದೋ ಅದರ ಟರ್ಮಿನಲ್ಲಿನದೋ ಅರ್ಥ್ ಪಟ್ಟಿಯದೋ ತಕರಾರು. ಒಂದೇ ಒಂದು ಗಟ್ಟಿ ಟಕ್ ಕೇಳಿ ಮೋಟರ್ ತಿರುಗದಿದ್ದರೆ ಸ್ವಿಚ್ ತನ್ನ ಕೆಲಸ ಮಾಡಿದೆ. ಸೊಲೆನಾಯ್ಡಿನ ದಪ್ಪ ಕಾಂಟ್ಯಾಕ್ಟುಗಳು ಸುಟ್ಟಿರಬೇಕು, ಇಲ್ಲವೇ ಮೋಟರಿನ ಕಾರ್ಬನ್ ಸವೆದಿರಬೇಕು. ಏನೂ ಕೇಳದಿದ್ದರೆ, ಅಥವಾ ಹತ್ತು ಸಲ ತಿರುಗಿಸಿದಾಗ ಒಮ್ಮೆ ಹಿಡಿದರೆ, ಆಗ ಕೀ ಸ್ವಿಚ್, ಅದಕ್ಕೆ ವೈರುಗಳನ್ನು ಸಿಕ್ಕಿಸುವ ಕಪ್ಲರ್, 50ರ ವೈರ್ ಇವುಗಳನ್ನು ಅನುಮಾನಿಸಬೇಕು. ಕೀಯನ್ನು ಕೊಂಚ ಮೇಲೆ ಕೆಳಗೆ ಅಲ್ಲಾಡಿಸಿದಾಗ ಹಿಡಿದರಂತೂ ಅನುಮಾನ ಬಲವಾಯಿತು.

ಇನ್ನೊಂದು ಲಕ್ಷಣವಿದೆ, ಇದನ್ನು ಕಂಡವರು ಪಂಪ್ ಬಿಚ್ಚಿಸಿ ದುಡ್ಡು ಕಳೆದುಕೊಳ್ಳುವುದುಂಟು. ಸೆಲ್ಫ್ ಚೆನ್ನಾಗಿ ಹೊಡೆಯುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಕೀ ಬಿಟ್ಟ ಕ್ಷಣಕ್ಕೆ ಒಮ್ಮೆ ಹಿಡಿದಂತೆ ಮಾಡುತ್ತದೆ. ರೋಟರಿ ಪಂಪ್ ಇರುವ ಎಂಜಿನ್‌ಗಳಲ್ಲಿ ಡೀಸೆಲ್ ಕಟ್ ಸೊಲೆನಾಯ್ಡಿಗೆ ಕರೆಂಟ್ ಇದ್ದರೆ ಮಾತ್ರ ಡೀಸೆಲ್ ಹರಿಯುತ್ತದೆ. ಸ್ವಿಚ್ಚಿನ ಒಳಗಿನ ಪಟ್ಟಿ ಸವೆದಾಗ, ಕೀ ಸ್ಟಾರ್ಟಿನಲ್ಲಿರುವಷ್ಟು ಹೊತ್ತು 15ರ ಲೈನ್ ಕಡಿದುಹೋಗಬಹುದು. ಪಂಪಿನ ಆ ಸೊಲೆನಾಯ್ಡಿನ ವೈರಿಗೆ ಟೆಸ್ಟ್ ಲ್ಯಾಂಪ್ ಹಿಡಿದು ಸೆಲ್ಫ್ ಹೊಡೆಯಿರಿ. ದೀಪ ಆರಿದರೆ ದೋಷ ಕೀ ಸ್ವಿಚ್ಚಿನದು, ಪಂಪಿನದಲ್ಲ. ಎಂಜಿನ್ ನಿಲ್ಲಿಸಲು ಎಳೆಯುವ ಕೇಬಲ್ ಇರುವ ಗಾಡಿಯಾದರೆ ಅದರ ಗುಬುಟು ಪೂರ್ತಿ ಒಳಗೆ ಹೋಗಿದೆಯೇ ಎಂದು ಮೊದಲು ನೋಡಿ.

ಹಾಗೆಯೇ ಕೀ ಆನ್ ಮಾಡಿದಾಗ ಕೆಂಪು ಬ್ಯಾಟರಿ ದೀಪ ಹತ್ತಲೇಬೇಕು. ಹತ್ತದೆ ಗಾಡಿ ಓಡುತ್ತಿದ್ದರೆ ಡೈನಮೋಗೆ ಎಕ್ಸೈಟರ್ ಕರೆಂಟ್ ಸಿಗದಿರಬಹುದು, ಬ್ಯಾಟರಿ ಚಾರ್ಜ್ ಆಗದಿರಬಹುದು. ದಿನಗಳು ಕಳೆದ ಮೇಲೆ ಅದು ಸೆಲ್ಫಿನ ತೊಂದರೆಯಂತೆ ಕಾಣಿಸಿಕೊಳ್ಳುತ್ತದೆ.

ಕರೆಂಟಿನ ದಾರಿ ಹಿಡಿದು

ಬೇಕಾದ ಸಲಕರಣೆ ಕಡಿಮೆ. ಒಂದು ಸಾಧಾರಣ ಮಲ್ಟಿಮೀಟರ್, ಇಂಡಿಕೇಟರಿನ 21 ವ್ಯಾಟ್ ಬಲ್ಬಿಗೆ ಎರಡು ವೈರ್ ಕಟ್ಟಿ ಮಾಡಿದ ಟೆಸ್ಟ್ ಲ್ಯಾಂಪ್, ಎಮೆರಿ ಕಾಗದ, ಕೀ ತಿರುಗಿಸಲು ಒಬ್ಬ ಸಹಾಯಕ. ಎಲ್‌ಇಡಿ ಟೆಸ್ಟರ್ ಬೇಡ. ಸುಟ್ಟ ಕಾಂಟ್ಯಾಕ್ಟಿನ ಮೂಲಕವೂ ಎಲ್‌ಇಡಿ ಹತ್ತುವಷ್ಟು ಕರೆಂಟ್ ಬರುತ್ತದೆ, ಮೀಟರ್ ಕೂಡ ಅಲ್ಲಿ 12 ವೋಲ್ಟ್ ತೋರಿಸುತ್ತದೆ. ಭಾರ ಹಾಕಿದಾಗ ಮಾತ್ರ ಬಣ್ಣ ಬಯಲಾಗುತ್ತದೆ. 21 ವ್ಯಾಟಿನ ಬಲ್ಬ್ ಸುಮಾರು 1.75 ಆಂಪಿಯರ್ ಎಳೆಯುತ್ತದೆ. ತೀರಾ ಕೆಟ್ಟ ಜೋಡಣೆಯಾದರೆ ಅಷ್ಟಕ್ಕೇ ಮಂಕಾಗುತ್ತದೆ. ಸ್ವಲ್ಪ ಮಾತ್ರ ಕೆಟ್ಟಿರುವುದನ್ನು ಹಿಡಿಯಲು ಸೊಲೆನಾಯ್ಡಿನ ಪೂರ್ತಿ ಭಾರವೇ ಬೇಕು.

ಶುರುಮಾಡುವ ಮುನ್ನ ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಚಕ್ರದ ಹಿಂದೆ ಮುಂದೆ ಕಲ್ಲು ಇಟ್ಟಿರಲಿ. ಇದನ್ನು ಯಾರೂ ಬಿಡಬೇಡಿ. ಸೆಲ್ಫ್ ಮೋಟರಿನ ಎರಡು ಟರ್ಮಿನಲ್ಲಿಗೆ ಸ್ಕ್ರೂಡ್ರೈವರ್ ಅಡ್ಡ ಇಟ್ಟು ಸ್ಟಾರ್ಟ್ ಮಾಡುವ ಪದ್ಧತಿ ನಮ್ಮಲ್ಲಿ ಎಲ್ಲ ಕಡೆಯೂ ಇದೆ. ಗಾಡಿ ಗೇರಿನಲ್ಲಿದ್ದರೆ ಅದು ಆ ಕ್ಷಣವೇ ಮುಂದಕ್ಕೆ ನುಗ್ಗುತ್ತದೆ, ಡೀಸೆಲ್ ಎಂಜಿನ್ ಹಿಡಿದುಬಿಟ್ಟರೆ ನಿಲ್ಲುವುದೂ ಇಲ್ಲ. ಹಾಗೆ ಮಾಡುವವರು ನಿಂತಿರುವುದು ಚಕ್ರದ ಮುಂದೆ, ಇಲ್ಲವೇ ಮಲಗಿರುವುದು ಗಾಡಿಯ ಕೆಳಗೆ. ಯಾರೂ ಇಲ್ಲದ ದಾರಿಯಲ್ಲಿ ಗಾಡಿ ನಿಂತಿದ್ದರೂ ಈ ಕೆಲಸಕ್ಕೆ ಕೈ ಹಾಕಬೇಡಿ. ದೂಡಿ ಸ್ಟಾರ್ಟ್ ಮಾಡುವುದೇ ಎಷ್ಟೋ ಮೇಲು.

ಮೊದಲ ಅಳತೆ ಬ್ಯಾಟರಿಯದು. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್ ಇದೆ, 12.2 ಇದ್ದರೆ ಅರ್ಧದಷ್ಟು. ಸೆಲ್ಫ್ ಹೊಡೆಯುವಾಗ ಅದು 9.6ಕ್ಕಿಂತ ಕೆಳಗೆ ಇಳಿದರೆ ಬ್ಯಾಟರಿಯನ್ನು ಮೊದಲು ಸರಿಮಾಡಿ. ಉಳಿದ ಪರೀಕ್ಷೆಗೆ ಅಲ್ಲಿಯವರೆಗೆ ಅರ್ಥವಿಲ್ಲ. ಮೀಟರಿನ ಮೊನೆಯನ್ನು ಟರ್ಮಿನಲ್ ಕ್ಲಾಂಪಿನ ಮೇಲೆ ಇಡದೆ ಬ್ಯಾಟರಿಯ ಸೀಸದ ಕಂಬದ ಮೇಲೇ ಇಡಿ. ಕಂಬಕ್ಕೂ ಕ್ಲಾಂಪಿಗೂ ನಡುವೆ ಬಿಳಿ ಉಪ್ಪು ಕಟ್ಟಿಕೊಂಡಿದ್ದರೆ ಅಲ್ಲೇ ಒಂದೆರಡು ವೋಲ್ಟ್ ಹೋಗಿರುತ್ತದೆ.

ಎರಡನೆಯದು ಅರ್ಥ್. ಮೀಟರಿನ ಒಂದು ತುದಿ ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದು ಸೆಲ್ಫ್ ಮೋಟರಿನ ಲೋಹದ ಮೈಗೆ. ಸಹಾಯಕ ಸೆಲ್ಫ್ ಹೊಡೆಯುವಾಗ ಮೀಟರ್ 0.3 ವೋಲ್ಟಿಗಿಂತ ಹೆಚ್ಚು ತೋರಿಸಬಾರದು. ತೋರಿಸಿದರೆ ಎಂಜಿನ್‌ಗೂ ಚಾಸಿಗೂ ನಡುವಿನ ಹೆಣೆದ ಪಟ್ಟಿ, ಅದರ ಬೋಲ್ಟ್, ಅದರಡಿಯ ತುಕ್ಕು ಇವುಗಳನ್ನು ನೋಡಬೇಕು. ಕರಾವಳಿಯ ಮೀನಿನ ಗಾಡಿಗಳಲ್ಲಿ ಉಪ್ಪುನೀರು ಸೋರಿ ಈ ಪಟ್ಟಿ ಹಸಿರು ಪುಡಿಯಾಗುತ್ತದೆ. ಎಮೆರಿಯಿಂದ ಉಜ್ಜಿ, ಬಿಗಿಮಾಡಿ, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದರೆ ಎಷ್ಟೋ ಗಾಡಿಗಳ "ಸ್ವಿಚ್ ತೊಂದರೆ" ಅಲ್ಲಿಗೇ ಮುಗಿಯುತ್ತದೆ.

ಮೂರನೆಯದು ನಿರ್ಣಾಯಕ. ಸೊಲೆನಾಯ್ಡಿನ ಮೇಲಿರುವ 50ರ ಸಣ್ಣ ಟರ್ಮಿನಲ್ಲಿಗೆ, ವೈರ್ ಬಿಚ್ಚದೆ, ಮೀಟರಿನ ಪ್ಲಸ್ ಹಿಡಿಯಿರಿ. ಮೈನಸ್ ಸೆಲ್ಫಿನ ಮೈಗೆ. ಸಹಾಯಕ ಕೀ ತಿರುಗಿಸಿ ಹಿಡಿಯಲಿ. ಆಗ ಬ್ಯಾಟರಿಯಲ್ಲಿರುವುದಕ್ಕಿಂತ ಒಂದು ವೋಲ್ಟಿನೊಳಗಿನ ಕೊರತೆ ಇದ್ದು, ಆದರೂ ಸೆಲ್ಫ್ ತಿರುಗದಿದ್ದರೆ ಕೀ ಸ್ವಿಚ್ಚಿನ ಕಡೆ ತಿರುಗಿ ನೋಡುವುದೇ ಬೇಡ, ಸೆಲ್ಫ್ ಇಳಿಸಿ. 7 ವೋಲ್ಟೋ 8 ವೋಲ್ಟೋ ಬರುತ್ತಿದ್ದರೆ ಹಿಂದಕ್ಕೆ ಹೋಗಬೇಕು. ಸ್ಟೀರಿಂಗ್ ಕೆಳಗಿನ ಕವರ್ ಬಿಚ್ಚಿ, ಕಪ್ಲರನ್ನು ಕಳಚದೆ, ಅದರ ಹಿಂಬದಿಯಿಂದ ಮೀಟರಿನ ಒಂದು ಮೊನೆ ಬಿ ವೈರಿಗೆ, ಇನ್ನೊಂದು 50ರ ವೈರಿಗೆ ತಾಗಿಸಿ. ಕೀ ಬಿಟ್ಟಿದ್ದಾಗ 12 ವೋಲ್ಟ್ ಕಾಣುತ್ತದೆ, ಅದು ಸರಿ. ಕೀ ಸ್ಟಾರ್ಟಿಗೆ ತಿರುಗಿಸಿದಾಗ ಅದು ಸೊನ್ನೆಯ ಹತ್ತಿರಕ್ಕೆ ಬೀಳಬೇಕು. 0.2, 0.3 ಇದ್ದರೆ ಅಡ್ಡಿಯಿಲ್ಲ. ಅರ್ಧ ವೋಲ್ಟ್ ದಾಟಿದರೆ ಕಾಂಟ್ಯಾಕ್ಟು ಸುಟ್ಟಿದೆ. ಆ ಮೀಟರಿನಲ್ಲಿ ಕಾಣುವ ಅಂಕಿಯೇ ಸ್ವಿಚ್ ನುಂಗುತ್ತಿರುವ ವೋಲ್ಟ್. ಸ್ವಿಚ್ ಸರಿಯಿದ್ದೂ 50ರಲ್ಲಿ ವೋಲ್ಟ್ ಕಡಿಮೆ ಇದ್ದರೆ ನಡುವಿನ ವೈರ್, ಕಪ್ಲರ್, ಫೈರ್‌ವಾಲ್ ದಾಟುವ ಜಾಗದಲ್ಲಿನ ಉಜ್ಜಿದ ಗಾಯ ಹುಡುಕಿ. ಕಪ್ಲರಿನ ಒಂದು ತೂತಿನ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ ಬೇರೆ ಸಾಕ್ಷಿ ಬೇಡ. ಹೊಸ ಸ್ವಿಚ್ಚಿಗೆ ಆ ಸುಟ್ಟ ಕಪ್ಲರನ್ನೇ ಸಿಕ್ಕಿಸಿದರೆ ಹೊಸದೂ ಉಳಿಯುವುದಿಲ್ಲ, ಕಪ್ಲರಿನ ಆ ಪಿನ್ನನ್ನೂ ಹೊಸದು ಹಾಕಬೇಕು.

ಬೀಗದ ತೊಂದರೆಯೇ ಬೇರೆ

ಕೀ ಒಳಗೆ ಹೋಗುತ್ತದೆ, ತಿರುಗುವುದಿಲ್ಲ. ಸ್ಟೀರಿಂಗ್ ಲಾಕ್ ಇರುವ ಗಾಡಿಯಾದರೆ ಮೊದಲು ಸ್ಟೀರಿಂಗ್ ಚಕ್ರವನ್ನು ಎರಡೂ ಕಡೆ ಮೆಲ್ಲಗೆ ಎಳೆಯುತ್ತಾ ಕೀ ತಿರುಗಿಸಿ. ಇಳಿಜಾರಿನಲ್ಲಿ ಚಕ್ರ ತಿರುಗಿಸಿ ನಿಲ್ಲಿಸಿದಾಗ ಲಾಕಿನ ಮೊಳೆಯ ಮೇಲೆ ಒತ್ತಡ ಬಿದ್ದು ಹೀಗಾಗುತ್ತದೆ. ಬಲ ಹಾಕಿ ತಿರುಚಿದರೆ ಕೀ ಒಳಗೇ ಮುರಿಯುತ್ತದೆ.

ಸ್ಟೀರಿಂಗ್ ಕಾರಣವಲ್ಲದಿದ್ದರೆ ಬ್ಯಾರಲ್ಲಿನೊಳಗಿನ ಹಿತ್ತಾಳೆಯ ತೆಳು ಪತ್ತಿಗಳು ಧೂಳು ಹಿಡಿದು ಅಂಟಿಕೊಂಡಿರುತ್ತವೆ. ಎಂಜಿನ್ ಆಯಿಲ್, ಕೊಬ್ಬರಿ ಎಣ್ಣೆ ಹಾಕಬೇಡಿ; ಮೊದಲ ದಿನ ಸಲೀಸಾಗಿ ತಿರುಗುತ್ತದೆ, ಆಮೇಲೆ ಬಯಲುಸೀಮೆಯ ಕೆಂಪು ಧೂಳು ಆ ಎಣ್ಣೆಗೆ ಕೂತು ಮೇಣವಾಗುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇಯಿಂದ ತೊಳೆದು, ಒಣಗಿದ ಮೇಲೆ ಗ್ರ್ಯಾಫೈಟ್ ಪುಡಿ ಹಾಕಿ. ಗ್ರ್ಯಾಫೈಟ್ ವಿದ್ಯುತ್ ಹರಿಸುವ ವಸ್ತು, ಚಿಟಿಕೆಗಿಂತ ಹೆಚ್ಚು ಬೇಡ. ಹಿಂದಿನ ಡಬ್ಬಿಯೊಳಗೆ ಅದು ಇಳಿಯಬಾರದು.

ಎಷ್ಟೋ ಸಲ ಸವೆದಿರುವುದು ಬೀಗವಲ್ಲ, ಕೀ. ವರ್ಷಗಟ್ಟಲೆ ಜೇಬಿನಲ್ಲಿ ಉಜ್ಜಿದ ಕೀಯ ಹಲ್ಲಿನ ಅಂಚು ಉರುಟಾಗಿರುತ್ತದೆ. ಅದನ್ನೇ ಕೊಟ್ಟು ಡೂಪ್ಲಿಕೇಟ್ ಮಾಡಿಸಿದರೆ ಸವೆತವೂ ನಕಲಾಗುತ್ತದೆ. ಗಾಡಿಯ ಜೊತೆ ಬಂದ ಎರಡನೆಯ ಕೀ ಮನೆಯ ಡಬ್ಬಿಯಲ್ಲೆಲ್ಲೋ ಇದ್ದರೆ ಹುಡುಕಿ ತಂದು ತಿರುಗಿಸಿ ನೋಡಿ. ನಕಲು ಮಾಡಿಸುವುದಿದ್ದರೂ ಅದರಿಂದಲೇ.

ಕೀ ಗೊಂಚಲಿನ ಭಾರದ ಬಗ್ಗೆ ನಮ್ಮ ಚಾಲಕರಲ್ಲಿ ಎಚ್ಚರ ಕಡಿಮೆ. ಗೋದಾಮಿನ ಕೀ, ಮನೆಯ ಕೀ, ದೇವರ ಪದಕ, ಬಾಟಲ್ ಓಪನರ್ ಎಲ್ಲ ಒಂದೇ ಬಳೆಗೆ ನೇತಾಡುತ್ತಿರುತ್ತವೆ. ಗುಂಡಿಬಿದ್ದ ರಸ್ತೆಯಲ್ಲಿ ಅದು ಬ್ಯಾರಲನ್ನು ದಿನವಿಡೀ ಎಳೆಯುತ್ತದೆ. 2014ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಕಂಪನಿ ಸುಮಾರು 26 ಲಕ್ಷ ಸಣ್ಣ ಕಾರುಗಳನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಅವುಗಳ ಕೀ ಸ್ವಿಚ್ಚಿನ ಒಳಗಿನ ಸ್ಪ್ರಿಂಗ್ ಸಡಿಲವಿತ್ತು, ಗೊಂಚಲಿನ ಭಾರಕ್ಕೋ ರಸ್ತೆಯ ಕುಲುಕಿಗೋ ಓಡುವಾಗಲೇ ಕೀ ಜಾರಿ ಎಂಜಿನ್ ಬಂದ್ ಆಗುತ್ತಿತ್ತು, ಏರ್‌ಬ್ಯಾಗ್ ಕೂಡ ತೆರೆಯುತ್ತಿರಲಿಲ್ಲ. ಆ ದೋಷದಿಂದ 124 ಸಾವುಗಳಾದವೆಂದು ಕಂಪನಿ ಸ್ಥಾಪಿಸಿದ ಪರಿಹಾರ ನಿಧಿಯೇ ಒಪ್ಪಿಕೊಂಡಿತು. ನಮ್ಮ ಪಿಕಪ್‌ನಲ್ಲಿ ಏರ್‌ಬ್ಯಾಗ್ ಇಲ್ಲದಿರಬಹುದು. ಆದರೆ ಘಾಟಿಯಲ್ಲಿ ಎಂಜಿನ್ ನಿಂತರೆ ಬ್ರೇಕಿಗೆ ನೆರವಾಗುವ ವ್ಯಾಕ್ಯೂಮ್ ಒಂದೆರಡು ಒತ್ತಿಗೆ ಮುಗಿಯುತ್ತದೆ, ಪವರ್ ಸ್ಟೀರಿಂಗ್ ಇದ್ದರೆ ಅದೂ ಬಿಗಿಯಾಗುತ್ತದೆ. ಆಗುಂಬೆಯಲ್ಲೋ ಚಾರ್ಮಾಡಿಯಲ್ಲೋ ಲೋಡ್ ಗಾಡಿ ಇಳಿಸುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಡೀಸೆಲ್ ಉಳಿಸಲೆಂದು ಇಳಿಜಾರಿನಲ್ಲಿ ಕೀ ಆಫ್ ಮಾಡುವವರಂತೂ ಸ್ಟೀರಿಂಗ್ ಲಾಕ್ ಬಿದ್ದು ಗಾಡಿ ತಿರುಗದೆ ಹೋಗುವ ಅಪಾಯವನ್ನೇ ಆರಿಸಿಕೊಂಡಂತೆ. ಗಾಡಿಯ ಕೀ ಒಂಟಿಯಾಗಿರಲಿ.

ಬಿಚ್ಚುವಾಗ

ಬ್ಯಾಟರಿಯ ಮೈನಸ್ ಮೊದಲು ಬಿಚ್ಚಿ, ಕೊನೆಗೆ ಹಾಕಿ. ಮೈನಸ್ ಇನ್ನೂ ಹಾಕಿದ್ದಾಗ ಪ್ಲಸ್ ಬಿಚ್ಚಲು ಹೋದ ಸ್ಪ್ಯಾನರ್ ಬಾಡಿಗೆ ತಾಗಿದರೆ ಅದು ಕೆಂಪಗೆ ಕಾಯುವಷ್ಟು ಕರೆಂಟ್ ಹರಿಯುತ್ತದೆ. ಕೀ ಸ್ವಿಚ್ಚಿಗೆ ಬರುವ ಬಿ ವೈರ್ ಕೀ ತೆಗೆದಿದ್ದರೂ ಜೀವಂತವೇ. ಅನೇಕ ಹಳೆಯ ಗಾಡಿಗಳಲ್ಲಿ ಅದಕ್ಕೆ ಫ್ಯೂಸ್ ಕೂಡ ಇರುವುದಿಲ್ಲ. ಫೋರ್ಡ್ ಕಂಪನಿ 1996ರಲ್ಲಿ ಅಮೆರಿಕ ಮತ್ತು ಕೆನಡಾದಲ್ಲಿ 80 ಲಕ್ಷಕ್ಕೂ ಹೆಚ್ಚು ವಾಹನಗಳನ್ನು, ಎಫ್ ಸರಣಿಯ ಪಿಕಪ್‌ಗಳೂ ಸೇರಿ, ಹಿಂದಕ್ಕೆ ಕರೆಸಿದ್ದು ಇಂಥದೇ ಕಾರಣಕ್ಕೆ: ಇಗ್ನಿಷನ್ ಸ್ವಿಚ್ಚಿನೊಳಗೆ ಶಾರ್ಟ್ ಆಗಿ ನಿಲ್ಲಿಸಿಟ್ಟ ಗಾಡಿಗಳಿಗೂ ಬೆಂಕಿ ಹೊತ್ತಿಕೊಳ್ಳುತ್ತಿತ್ತು. ಸ್ಟೀರಿಂಗಿನ ಹತ್ತಿರ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದ ಗಾಡಿಯನ್ನು "ನಾಳೆ ನೋಡೋಣ" ಎಂದು ಮನೆಯ ಶೆಡ್ಡಿನಲ್ಲಿ ನಿಲ್ಲಿಸಬೇಡಿ, ಆ ರಾತ್ರಿ ಬ್ಯಾಟರಿ ಬಿಚ್ಚಿಡಿ.

ಡ್ಯಾಶ್‌ಬೋರ್ಡಿನಲ್ಲಿ ಸ್ವಿಚ್ ಇರುವ ಗಾಡಿಗಳಲ್ಲಿ ಮುಂದಿನ ಉಂಗುರದಂಥ ನಟ್ ಬಿಚ್ಚಿದರೆ ಸ್ವಿಚ್ ಹಿಂದಕ್ಕೆ ಬರುತ್ತದೆ. ವೈರ್ ಕೀಳುವ ಮೊದಲು ಮೊಬೈಲಿನಲ್ಲಿ ಎರಡು ಕೋನದಿಂದ ಫೋಟೋ ತೆಗೆದು, ಪ್ರತಿ ವೈರಿಗೂ ಟೇಪ್ ಸುತ್ತಿ ಟರ್ಮಿನಲ್ಲಿನ ಗುರುತು ಬರೆಯಿರಿ. ವೈರಿನ ಬಣ್ಣವನ್ನು ನಂಬಬೇಡಿ. ಹದಿನೈದು ಇಪ್ಪತ್ತು ವರ್ಷದ ಗಾಡಿಯಲ್ಲಿ ಹಿಂದಿನವರು ಕೈಗೆ ಸಿಕ್ಕ ಬಣ್ಣದ ವೈರ್ ಸೇರಿಸಿರುತ್ತಾರೆ.

ಕಾಲಮ್ಮಿನ ಬೀಗ ಸ್ವಲ್ಪ ಕಷ್ಟ. ಡಬ್ಬಿ ಮಾತ್ರ ಬದಲಾಯಿಸುವುದಾದರೆ ಹಿಂದಿನ ಸ್ಕ್ರೂ ಬಿಚ್ಚಿದರೆ ಸಾಕು. ಹೊಸ ಡಬ್ಬಿ ಕೂರಿಸುವಾಗ ಅದರ ತೂತಿನ ದಿಕ್ಕೂ ಬ್ಯಾರಲ್ಲಿನ ನಾಲಿಗೆಯ ದಿಕ್ಕೂ ಒಂದೇ ಇರಬೇಕು. ಹಳೆಯ ನಾಲಿಗೆ ಸವೆದು ತೂತಿನಲ್ಲಿ ಲೊಡಲೊಡ ಎನ್ನುತ್ತಿದ್ದರೆ ಡಬ್ಬಿ ಹೊಸದಾದರೂ ಕೀ ಪೂರ್ತಿ ತಿರುಗಿದಾಗ ಕಾಂಟ್ಯಾಕ್ಟು ಅರ್ಧವೇ ಕೂಡುತ್ತದೆ. ಆಗ ಬ್ಯಾರಲ್ ಸಹಿತ ಬದಲಾಯಿಸಬೇಕು. ಅನೇಕ ಮಾದರಿಗಳಲ್ಲಿ ಕೀಯನ್ನು ಮೊದಲ ತಿರುವಿಗೆ ಇಟ್ಟು, ಪಕ್ಕದ ಸಣ್ಣ ತೂತಿನಲ್ಲಿ ಕಾಣುವ ಪಿನ್ನನ್ನು ತೆಳು ಮೊಳೆಯಿಂದ ಒತ್ತಿದರೆ ಬ್ಯಾರಲ್ ಈಚೆಗೆ ಜಾರುತ್ತದೆ. ಇಡೀ ಲಾಕ್ ಇಳಿಸಬೇಕಾದರೆ ಅದನ್ನು ಹಿಡಿದಿರುವ ಬೋಲ್ಟುಗಳಿಗೆ ತಲೆಯೇ ಇರುವುದಿಲ್ಲ. ಕಳ್ಳರು ಬಿಚ್ಚಬಾರದೆಂದು ಬಿಗಿಯುವಾಗಲೇ ತಲೆ ಮುರಿಯುವಂತೆ ಮಾಡಿದ ಬೋಲ್ಟುಗಳವು. ಹ್ಯಾಕ್ಸಾ ಬ್ಲೇಡಿನಿಂದ ಮೇಲೊಂದು ಗೀರು ಕೊರೆದು ಸ್ಕ್ರೂಡ್ರೈವರಿನಿಂದ ತಿರುಗಿಸಬಹುದು, ಇಲ್ಲವೇ ನಡುವೆ ಪಂಚ್ ಹೊಡೆದು ಡ್ರಿಲ್ ಮಾಡಬೇಕು. ಕಾಲಮ್ಮಿನ ಮೇಲೆ ಸುತ್ತಿಗೆ ಬಳಸಬೇಡಿ. ಈ ಭಾಗವನ್ನು ಅಭ್ಯಾಸವಿಲ್ಲದವರು ಆಟೋ ಎಲೆಕ್ಟ್ರಿಷಿಯನ್‌ಗೆ ಬಿಡುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಸ್ಟೀರಿಂಗ್ ಲಾಕ್ ಓರೆಯಾಗಿ ಕೂತರೆ ಓಡುವಾಗ ಬೀಳಬಹುದು.

ಕೊಳ್ಳಲು ಹೋಗುವಾಗ ಹಳೆಯದನ್ನು ಕೈಯಲ್ಲಿ ಹಿಡಿದೇ ಹೋಗಿ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಾಗಲಿ, ತಾಲ್ಲೂಕು ಪೇಟೆಯದಾಗಲಿ, ನೋಡಲು ಒಂದೇ ತರಹದ ನಾಲ್ಕಾರು ಸ್ವಿಚ್ ತೋರಿಸುತ್ತಾರೆ. ಪಿನ್‌ಗಳ ಸಂಖ್ಯೆ, ಜಾಗ, ತಿರುವುಗಳ ಸಂಖ್ಯೆ ತಾಳೆ ನೋಡಿ. ಮೀಟರನ್ನು ಬೀಪ್ ಶಬ್ದದ ಸ್ಥಾನಕ್ಕಿಟ್ಟು ಕೌಂಟರಿನ ಮೇಲೇ ಪರೀಕ್ಷಿಸಿ: ಸ್ಟಾರ್ಟಿಗೆ ತಿರುಗಿಸಿದಾಗ ಬಿ ಜೊತೆ 50 ಕೂಡಬೇಕು, 15 ಬಿಡಬಾರದು. ಕೈಬಿಟ್ಟರೆ ಸ್ಪ್ರಿಂಗ್ ತಾನೇ ಹಿಂದಕ್ಕೆ ಬರಬೇಕು. ಸೋಮಾರಿಯಾಗಿ ಬರುವ ಸ್ಪ್ರಿಂಗನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ಎಂಜಿನ್ ಹಿಡಿದ ಮೇಲೂ ಸೆಲ್ಫ್ ತಿರುಗುತ್ತಲೇ ಇದ್ದರೆ ಬೆಂಡಿಕ್ಸ್, ಮೋಟರ್ ಎರಡೂ ಹಾಳು.

ಭಾರ ಇಳಿಸುವ ರಿಲೇ

ಹೆಡ್‌ಲೈಟಿಗೆ, ಹಾರ್ನಿಗೆ ಹಾಕುವಂಥದೇ ನಾಲ್ಕು ಪಿನ್ನಿನ ರಿಲೇ, 12 ವೋಲ್ಟ್, 40 ಆಂಪಿಯರಿನದು ಸಾಕು. ಸೊಲೆನಾಯ್ಡ್ ದೊಡ್ಡದಿದ್ದರೆ 70ರದು. ಅದರ 85ನೇ ಪಿನ್ನಿಗೆ ಅರ್ಥ್. ಕೀ ಸ್ವಿಚ್ಚಿನಿಂದ ಸೊಲೆನಾಯ್ಡಿಗೆ ಹೋಗುತ್ತಿದ್ದ 50ರ ವೈರನ್ನು ಅಲ್ಲಿಂದ ತೆಗೆದು 86ಕ್ಕೆ. ಬ್ಯಾಟರಿಯ ಪ್ಲಸ್ಸಿನಿಂದ, ಅಥವಾ ಸೆಲ್ಫಿನ ದಪ್ಪ ಕೇಬಲ್ ಬಂದು ಕೂಡುವ ಬೋಲ್ಟಿನಿಂದ, 30 ಆಂಪಿಯರ್ ಫ್ಯೂಸ್ ದಾಟಿ ಬರುವ ಹೊಸ ವೈರ್ 30ನೇ ಪಿನ್ನಿಗೆ. 87ರಿಂದ ಸೊಲೆನಾಯ್ಡಿನ 50ಕ್ಕೆ. ದೊಡ್ಡ ಸೊಲೆನಾಯ್ಡಿಗೆ ಆ ಫ್ಯೂಸ್ ಹಾರುತ್ತಿದ್ದರೆ ಬರೀ ಫ್ಯೂಸ್ ದೊಡ್ಡದು ಮಾಡಬೇಡಿ, ವೈರನ್ನೂ ದಪ್ಪಗೆ ಮಾಡಿ. 30ರ, 87ರ ಈ ಎರಡು ವೈರ್ 4 ಚದರ ಮಿಲಿಮೀಟರಿಗಿಂತ ತೆಳ್ಳಗಿರಬಾರದು. ಫ್ಯೂಸ್ ಬ್ಯಾಟರಿಯ ಕಡೆಯೇ, ವೈರ್ ಹೊರಡುವ ಜಾಗಕ್ಕೆ ಹತ್ತಿರವಿರಬೇಕು. ನಡುದಾರಿಯಲ್ಲಿ ಹಾಕಿದರೆ ಅದರ ಹಿಂದಿನ ವೈರಿಗೆ ಕಾವಲಿಲ್ಲ.

ಇಷ್ಟಾದ ಮೇಲೆ ಕೀ ಸ್ವಿಚ್ ಹೊರಬೇಕಾದದ್ದು ರಿಲೇಯ ಕಾಯಿಲ್ ಎಳೆಯುವ 0.2 ಆಂಪಿಯರಿಗಿಂತ ಕಡಿಮೆ ಕರೆಂಟ್. ಮೊದಲಿದ್ದ ಮೂವತ್ತು ನಲವತ್ತು ಆಂಪಿಯರಿನ ಮುಂದೆ ಅದು ಏನೂ ಅಲ್ಲ. ಸ್ವಿಚ್ ಅರ್ಧ ಸುಟ್ಟಿದ್ದ ಗಾಡಿಗಳೂ ರಿಲೇ ಹಾಕಿದ ಮೇಲೆ ಸಲೀಸಾಗಿ ಸ್ಟಾರ್ಟ್ ಆಗುತ್ತವೆ. ಹಾಗೆಂದು ಕರಗಿದ ಡಬ್ಬಿಯನ್ನು ಉಳಿಸಿಕೊಳ್ಳಬೇಡಿ, 15ರ ಲೈನಿನ ಕರೆಂಟ್ ಈಗಲೂ ಅದರ ಮೂಲಕವೇ ಹೋಗುತ್ತದೆ. ಕೆಲವು ಗಾಡಿಗಳಲ್ಲಿ ಕಂಪನಿಯೇ ರಿಲೇ ಕೊಟ್ಟಿರುತ್ತದೆ, ಅದು ಕೆಟ್ಟಾಗ ಯಾರೋ ವೈರುಗಳನ್ನು ನೇರ ಸೇರಿಸಿ ಕೈತೊಳೆದುಕೊಂಡಿರುತ್ತಾರೆ. ಬಾನೆಟ್ ಒಳಗೆ ಖಾಲಿ ರಿಲೇ ಸಾಕೆಟ್ ಕಂಡರೆ ಇದನ್ನು ನೆನಪಿಡಿ.

ಕೀಯ ಬದಲು ಡ್ಯಾಶ್‌ಬೋರ್ಡಿನಲ್ಲಿ ಹಾರ್ನ್ ಬಟನ್ನಿನಂಥ ಗುಂಡಿ ಹಾಕಿಕೊಳ್ಳುವ ರೂಢಿಯೂ ಇದೆ. ಸೊಲೆನಾಯ್ಡಿನ ಕರೆಂಟನ್ನು ನೇರ ಗುಂಡಿಯ ಮೂಲಕ ಹಾಯಿಸಿದರೆ ಸುಡುವ ಜಾಗ ಬದಲಾಯಿತೇ ಹೊರತು ಸುಡುವುದು ನಿಲ್ಲುವುದಿಲ್ಲ. ಗುಂಡಿ ಬೇಕೇ ಬೇಕೆಂದರೆ ಅದೂ ರಿಲೇಯ 86ಕ್ಕೆ ಹೋಗಲಿ, ಅದಕ್ಕೆ ಕರೆಂಟ್ 15ರ ಲೈನಿನಿಂದ ಬರಲಿ. ಬ್ಯಾಟರಿಯಿಂದ ನೇರ ಕೊಟ್ಟರೆ ಕೀ ಇಲ್ಲದೆಯೂ ಸೆಲ್ಫ್ ಹೊಡೆಯುತ್ತದೆ. ಕ್ಯಾಬಿನ್ನಿನಲ್ಲಿ ಆಡುವ ಮಗು ಒತ್ತಿದರೂ ಹೊಡೆಯುತ್ತದೆ, ಗಾಡಿ ಗೇರಿನಲ್ಲಿದ್ದರೆ ಚಲಿಸುತ್ತದೆ.

ರಿಲೇಯನ್ನು ಪಿನ್‌ಗಳು ಕೆಳಮುಖವಾಗಿರುವಂತೆ, ನೀರು ಎರಚದ ಎತ್ತರದಲ್ಲಿ, ಬೋಲ್ಟ್ ಹಾಕಿ ಕೂರಿಸಿ. ವೈರಿನ ತುದಿಗೆ ತಿಂಬಲ್ ಒತ್ತಿಸಿ, ಬರೀ ಸುತ್ತಿ ಟೇಪ್ ಹಾಕಿದ ಜೋಡಣೆ ಎಂಜಿನ್ನಿನ ಕಾವಿಗೆ ಸಡಿಲವಾಗುತ್ತದೆ. ಫೈರ್‌ವಾಲ್ ದಾಟುವಲ್ಲಿ ರಬ್ಬರ್ ಗ್ರೊಮೆಟ್ ಇರಲೇಬೇಕು.

ಎಲ್ಲ ಜೋಡಿಸಿದ ಮೇಲೆ 50ರ ಟರ್ಮಿನಲ್ಲಿನ ಆ ಮೂರನೆಯ ಅಳತೆಯನ್ನು ಮತ್ತೊಮ್ಮೆ ತೆಗೆದುಕೊಳ್ಳಿ. ಬ್ಯಾಟರಿಗೂ ಅದಕ್ಕೂ ಅರ್ಧ ವೋಲ್ಟಿಗಿಂತ ಕಡಿಮೆ ವ್ಯತ್ಯಾಸ ಇರಬೇಕು. ಎಂಜಿನ್ ಹಿಡಿದ ಮೇಲೆ ಕೆಂಪು ದೀಪ ಆರಬೇಕು, ಬ್ಯಾಟರಿಯಲ್ಲಿ 13.8ರಿಂದ 14.4 ವೋಲ್ಟ್ ಬರಬೇಕು. ನಾಲ್ಕಾರು ಸಲ ಸ್ಟಾರ್ಟ್ ಮಾಡಿ, ಪ್ರತಿ ಸಲವೂ ಒಂದೆರಡು ನಿಮಿಷ ಸೆಲ್ಫಿಗೆ ವಿಶ್ರಾಂತಿ ಕೊಟ್ಟು, ಆಮೇಲೆ ಕಪ್ಲರನ್ನೂ ರಿಲೇಯನ್ನೂ ಫ್ಯೂಸ್ ಹೋಲ್ಡರನ್ನೂ ಕೈಯಿಂದ ಮುಟ್ಟಿ. ಬೆಚ್ಚಗಾಗಿರುವ ಜಾಗದಲ್ಲಿ ಇನ್ನೂ ಒಂದು ಕೆಟ್ಟ ಜೋಡಣೆ ಉಳಿದಿದೆ. ಒಂದು ವಾರ ಲೋಡ್ ಹೊಡೆದ ಮೇಲೆ ಬೋಲ್ಟುಗಳನ್ನೆಲ್ಲ ಇನ್ನೊಮ್ಮೆ ಬಿಗಿಮಾಡಿ. ರಿಲೇಯ ನಾಲ್ಕು ವೈರ್ ಎಲ್ಲಿಂದ ಎಲ್ಲಿಗೆ ಎಂಬುದನ್ನು ಕಾಗದದಲ್ಲಿ ಬರೆದು, ಪ್ಲಾಸ್ಟಿಕ್ ಕವರಿನಲ್ಲಿಟ್ಟು ಗಾಡಿಯ ಆರ್‌ಸಿ ಜೊತೆ ಇಡಿ. ಮುಂದೆ ಬೇರೆ ಊರಿನಲ್ಲಿ ಬೇರೆ ಎಲೆಕ್ಟ್ರಿಷಿಯನ್ ಬಾನೆಟ್ ಎತ್ತಿದಾಗ ಅವರು ಅದನ್ನು ನೋಡಿಯೇ ಕೆಲಸ ಶುರುಮಾಡಬಹುದು.